ಟ್ಯೂಬ್ ಪ್ರೀಆಂಪ್ ತಗೋಬೇಕಾ? ಗಾಜಿನ ಬುರುಡೆಗಿಂತ ಮುಂಚೆ ನಿಮ್ಮ ಪವರ್ ಆಂಪ್ ನೋಡಿ

ಮೈಸೂರಲ್ಲಿ ಈಗ ಅಟ್ಟದ ಮೇಲಿದ್ದ ಎಲ್‌ಪಿ ರೆಕಾರ್ಡುಗಳು ಒಂದೊಂದಾಗಿ ಕೆಳಗಿಳೀತಿವೆ. ತಾತನ ಕಾಲದ ವೀಣೆ ರೆಕಾರ್ಡು, ಅಪ್ಪ ಕಾಲೇಜಲ್ಲಿದ್ದಾಗ ತಗೊಂಡಿದ್ದ ಸಿನಿಮಾ ಹಾಡಿನ ರೆಕಾರ್ಡು, ಎಲ್ಲಾ ಧೂಳು ಒರೆಸಿಕೊಂಡು ಹೊಸ ಟರ್ನ್‌ಟೇಬಲ್ ಮೇಲೆ ಕೂರ್ತಿವೆ. ಟರ್ನ್‌ಟೇಬಲ್ ಬಗ್ಗೆ ಫೋನಲ್ಲಿ ಒಂದ್ಸಲ ಹುಡುಕಿದ್ರೆ ಸಾಕು, ಆಮೇಲೆ ಜಾಹೀರಾತು ಬೆನ್ನು ಬಿಡಲ್ಲ: ಅಂಗೈ ಅಗಲದ ಕಪ್ಪು ಡಬ್ಬಿ, ಅದರ ಮೇಲೆ ಎರಡು ಗಾಜಿನ ಬುರುಡೆ, ಒಳಗೆ ಕಿತ್ತಳೆ ಬಣ್ಣದ ಬೆಳಕು, ಪಕ್ಕದಲ್ಲಿ "ವಾರ್ಮ್ ಟ್ಯೂಬ್ ಸೌಂಡ್" ಅಂತ ಬರಹ. ನೋಡೋಕೇನೋ ಚೆನ್ನಾಗೇ ಇರತ್ತೆ. ಆದ್ರೆ ಅದನ್ನ ಎಲ್ಲಿಗೆ ಸಿಗಿಸೋದು, ಸಿಗಿಸಿದ್ರೆ ಏನಾಗತ್ತೆ, ಕೆಲವು ಸಾವಿರದ ಡಬ್ಬಿಗೂ ಲಕ್ಷದ ಡಬ್ಬಿಗೂ ವ್ಯತ್ಯಾಸ ಏನು ಅಂತ ಕೇಳಿದ್ರೆ ಮಾರೋರೂ ಸರಿಯಾಗಿ ಹೇಳಲ್ಲ.

ಎಲೆಕ್ಟ್ರಾನಿಕ್ಸ್ ಓದದೇ ಇರೋರಿಗೂ ಅರ್ಥ ಆಗೋ ಹಾಗೆ ಇಲ್ಲಿ ಬರೀತಿದ್ದೀನಿ. ಟ್ಯೂಬ್ ಪ್ರೀಆಂಪ್ ಆರಿಸೋ ಕೆಲಸದಲ್ಲಿ ಮುಕ್ಕಾಲು ಪಾಲು ಟ್ಯೂಬ್‌ಗೆ ಸಂಬಂಧಾನೇ ಇಲ್ಲ. ನಿಮ್ಮ ಪವರ್ ಆಂಪ್ ಏನು ಕೇಳತ್ತೆ, ಆ ಡಬ್ಬಿಯೊಳಗಿನ ಪವರ್ ಸಪ್ಲೈ ಹೇಗಿದೆ, ನಿಮ್ಮನೆ ಕರೆಂಟು ಹೇಗಿದೆ, ಇವು ಮೂರು ಮೊದಲು. ಯಾವ ಕಂಪನಿ ಟ್ಯೂಬು ಅನ್ನೋದು ಎಲ್ಲಾ ಆದ್ಮೇಲೆ.

ಪ್ರೀಆಂಪ್ ಮಾಡೋ ಕೆಲಸ ಏನು

ಸಿಡಿ ಪ್ಲೇಯರ್ರೋ ಫೋನ್‌ಗೆ ಸಿಗಿಸೋ ಡ್ಯಾಕ್ಕೋ (ಡಿಜಿಟಲ್ ಹಾಡನ್ನ ಆಂಪ್‌ಗೆ ಬೇಕಾದ ಸಿಗ್ನಲ್ಲಾಗಿ ಮಾಡೋ ಡಬ್ಬಿ) ಟರ್ನ್‌ಟೇಬಲ್ಲೋ, ಇದನ್ನ ಸೋರ್ಸ್ ಅಂತಾರೆ. ಸ್ಪೀಕರ್‌ನ ತಳ್ಳೋ ದೊಡ್ಡ ಡಬ್ಬಿ ಪವರ್ ಆಂಪ್. ಇವೆರಡರ ಮಧ್ಯೆ ಕೂರೋದು ಪ್ರೀಆಂಪ್. ಯಾವ ಸೋರ್ಸ್ ಕೇಳ್ಬೇಕು ಅಂತ ಆರಿಸೋದು, ವಾಲ್ಯೂಮ್ ಏರಿಸಿ ಇಳಿಸೋದು, ಬೇಕಿದ್ರೆ ಸಿಗ್ನಲ್‌ನ ಸ್ವಲ್ಪ ದೊಡ್ಡದು ಮಾಡೋದು, ಪವರ್ ಆಂಪ್‌ಗೂ ಉದ್ದದ ಕೇಬಲ್‌ಗೂ ಜಗ್ಗದೇ ಸಿಗ್ನಲ್ ಕೊಡೋದು, ಇಷ್ಟೇ ಅದರ ಕೆಲಸ.

ಮನೇಲಿ ಸಾಮಾನ್ಯವಾಗಿ ಇರೋದು ಇಂಟಿಗ್ರೇಟೆಡ್ ಆಂಪ್, ಅಂದ್ರೆ ಪ್ರೀಆಂಪು ಪವರ್ ಆಂಪು ಎರಡೂ ಒಂದೇ ಡಬ್ಬಿಯೊಳಗೆ. ಅದರ ಆಕ್ಸ್ ಸಾಕೆಟ್‌ಗೆ ಹೊಸ ಟ್ಯೂಬ್ ಪ್ರೀಆಂಪ್ ಸಿಗಿಸಿದ್ರೆ ಒಂದು ಪ್ರೀಆಂಪ್ ಹಿಂದೆ ಇನ್ನೊಂದು ಪ್ರೀಆಂಪ್ ಬಂತು, ವಾಲ್ಯೂಮ್ ತಿರುಗಣೆ ಎರಡಾಯ್ತು. ಹಾಡು ಬರತ್ತೆ, ಕೆಡೋದೇನಿಲ್ಲ, ಆದ್ರೆ ಹಳೇ ಪ್ರೀಆಂಪ್‌ನ ಗುಣಾನೂ ಹಾಗೇ ಉಳ್ಕೊಳ್ಳತ್ತೆ. ಆಂಪ್‌ನ ಹಿಂಭಾಗ ಒಮ್ಮೆ ತಿರುಗಿಸಿ ನೋಡಿ, "ಪ್ರೀ ಔಟ್" ಮತ್ತು "ಮೈನ್ ಇನ್" ಅಂತ ಎರಡು ಜೋಡಿ ಸಾಕೆಟ್ ಇದ್ರೆ ಹೊಸ ಪ್ರೀಆಂಪ್‌ನ ನೇರವಾಗಿ ಪವರ್ ಭಾಗಕ್ಕೆ ಕೊಡಬಹುದು. ಇಲ್ಲದಿದ್ರೆ ದುಡ್ಡು ಬಿಚ್ಚೋ ಮುಂಚೆ ಒಂದ್ಸಲ ಯೋಚನೆ ಮಾಡಿ. ಸೌಂಡ್‌ಬಾರ್ ಇಟ್ಕೊಂಡಿರೋರಿಗಂತೂ ಈ ಲೇಖನದಿಂದ ಏನೂ ಉಪಯೋಗ ಇಲ್ಲ.

ಗಾಜಿನೊಳಗೆ ನಡೆಯೋದು

ಟ್ಯೂಬ್, ವಾಲ್ವ್ ಎರಡೂ ಒಂದೇ. ನಮ್ಮ ಅಜ್ಜ ಅಜ್ಜಿ ವಾಲ್ವ್ ರೇಡಿಯೋ ಅಂತಿದ್ರಲ್ಲ, ಆನ್ ಮಾಡಿ ಅರ್ಧ ನಿಮಿಷ ಕಾದ್ಮೇಲೆ ಮಾತು ಬರ್ತಿತ್ತಲ್ಲ, ಅದೇ ವಾಲ್ವ್. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ಭಾಗದ ವಾಲ್ವ್ ಮಾಡಿದ್ರು, 1906ರಲ್ಲಿ ಅಮೆರಿಕಾದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೇ ಭಾಗ ಸೇರಿಸಿದ್ರು. ಆ ಮೂರನೇದರಿಂದಲೇ ಸಣ್ಣ ಸಿಗ್ನಲ್‌ನ ದೊಡ್ಡದು ಮಾಡೋದು ಸಾಧ್ಯ ಆಗಿದ್ದು. 1947ರಲ್ಲಿ ಅಮೆರಿಕಾದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟೋವರೆಗೂ ರೇಡಿಯೋ, ಟೆಲಿಫೋನು, ಸಿನಿಮಾ ಥಿಯೇಟರಿನ ಸೌಂಡು ಎಲ್ಲದಕ್ಕೂ ಇದೇ ಗತಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ್ರಲ್ಲ, ಟ್ರಾನ್ಸಿಸ್ಟರೇ ಹುಟ್ಟಿರದ ಆ ಕಾಲದಲ್ಲಿ ಟ್ರಾನ್ಸ್‌ಮಿಟರ್ ಓಡಿದ್ದೂ ವಾಲ್ವಿಂದಲೇ.

ಒಳಗಿರೋದು ಇಷ್ಟು. ಗಾಜಿನ ಬುರುಡೆಯೊಳಗಿಂದ ಗಾಳಿ ತೆಗೆದುಬಿಟ್ಟಿರ್ತಾರೆ. ಮಧ್ಯದಲ್ಲಿ ಒಂದು ಸಣ್ಣ ಕೊಳವೆ, ಅದು ಕ್ಯಾಥೋಡ್. ಅದರೊಳಗಿನ ಹೀಟರ್ ತಂತಿ ಅದನ್ನ ಕೆಂಪಗೆ ಕಾಯಿಸತ್ತೆ, ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಗೆ ಬರ್ತವೆ. ಹೊರಗಡೆ ಬೂದು ಬಣ್ಣದ ತಗಡು ಕಾಣತ್ತಲ್ಲ, ಅದು ಪ್ಲೇಟ್, ಅದಕ್ಕೆ 150ರಿಂದ 300 ವೋಲ್ಟ್‌ವರೆಗೆ ಪಾಸಿಟಿವ್ ವೋಲ್ಟೇಜ್ ಕೊಟ್ಟಿರ್ತಾರೆ, ಎಲೆಕ್ಟ್ರಾನುಗಳು ಅದರ ಕಡೆಗೆ ಓಡ್ತವೆ. ಇವೆರಡರ ಮಧ್ಯೆ ಕೂದಲೆಳೆಯಷ್ಟು ತೆಳು ತಂತಿಯ ಸುರುಳಿ, ಅದೇ ಗ್ರಿಡ್. ಹಾಡಿನ ಸಿಗ್ನಲ್ ಬರೋದು ಗ್ರಿಡ್‌ಗೆ.

ಮಂಡ್ಯದ ಕಡೆಯೋರಿಗೆ ಇದನ್ನ ಹೇಳೋದು ಬಲು ಸುಲಭ. ಕೆಆರ್‌ಎಸ್‌ನಲ್ಲಿ ನೀರು ನಿಂತಿದೆ, ವಿ.ಸಿ. ನಾಲೆಯ ತೂಬಿನ ಹತ್ರ ಒಬ್ಬ ನಿಂತ್ಕೊಂಡು ತಿರುಗಣೆ ಸ್ವಲ್ಪ ಸ್ವಲ್ಪ ತಿರುಗಿಸ್ತಿದ್ದಾನೆ ಅಂದ್ಕೊಳ್ಳಿ. ಅವನ ತೋಳಿನ ಬಲ ಎಷ್ಟು, ಆಚೆ ಹರಿಯೋ ನೀರಿನ ಬಲ ಎಷ್ಟು! ನೀರಿನ ಬಲ ಕಟ್ಟೆಯದ್ದು, ಅವನದ್ದಲ್ಲ, ಆದ್ರೆ ನೀರು ಕುಣಿಯೋದು ಮಾತ್ರ ಅವನ ಕೈ ಆಡಿದ ಹಾಗೆ. ಗ್ರಿಡ್ಡೇ ಆ ತೂಬು, ಹಾಡೇ ಆ ಕೈ, ಪ್ಲೇಟಿನ 250 ವೋಲ್ಟೇ ಆ ಕಟ್ಟೆ. ಕಟ್ಟೇಲಿ ನೀರಿಲ್ಲದೆ ತೂಬು ಎಷ್ಟು ಎತ್ತಿದ್ರೂ ಬರೋದು ಕೆಸರೇ, ಇದನ್ನ ಸ್ವಲ್ಪ ನೆನಪಿಟ್ಕೊಂಡಿರಿ, ಅಗ್ಗದ ಡಬ್ಬಿಗಳ ವಿಷಯ ಬಂದಾಗ ಬೇಕಾಗತ್ತೆ.

ಆ "ವಾರ್ಮ್" ಅನ್ನೋದು ಎಲ್ಲಿಂದ ಬರತ್ತೆ

ಯಾವ ಆಂಪ್ಲಿಫೈಯರೂ ಕೊಟ್ಟಿದ್ದನ್ನ ನೂರಕ್ಕೆ ನೂರು ಹಾಗೇ ವಾಪಸ್ ಕೊಡಲ್ಲ, ತನ್ನದೊಂದಿಷ್ಟು ಸೇರಿಸತ್ತೆ. ಅದಕ್ಕೆ ಡಿಸ್ಟಾರ್ಷನ್ ಅಂತಾರೆ. ಏನನ್ನ ಸೇರಿಸತ್ತೆ ಅನ್ನೋದ್ರಲ್ಲಿ ವ್ಯತ್ಯಾಸ ಇರೋದು.

ತಂಬೂರಿ ಕೇಳಿದ ಅಭ್ಯಾಸ ಇರೋರಿಗೆ ಇದು ಬೇಗ ಅರ್ಥ ಆಗತ್ತೆ. ಷಡ್ಜ 150 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 150 ಸಲ ಕಂಪಿಸತ್ತೆ, ಅಂತ ಇಟ್ಕೊಳ್ಳಿ. ಅದರ ಎರಡರಷ್ಟು 300, ಅದು ತಾರಷಡ್ಜ. ಮೂರರಷ್ಟು 450, ಅದು ಅದರ ಮೇಲಿನ ಪಂಚಮ. ನಾಲ್ಕರಷ್ಟು 600, ಮತ್ತೆ ಷಡ್ಜ. ಐದರಷ್ಟು 750, ಅಂತರಗಾಂಧಾರ, ತಂಬೂರಿ ಚೆನ್ನಾಗಿ ಶ್ರುತಿ ಸೇರಿದಾಗ ತಾನಾಗೇ ಕೇಳಿಸತ್ತಲ್ಲ ಅದೇ ಗಾಂಧಾರ. ಏಳರಷ್ಟಕ್ಕೆ ಬಂದ್ರೆ 1050, ಅದು ನಮ್ಮ ಯಾವ ಸ್ವರಸ್ಥಾನದಲ್ಲೂ ಸರಿಯಾಗಿ ಕೂರಲ್ಲ. ಪ್ರೀಆಂಪ್‌ನಲ್ಲಿ ಬಳಸೋ ಟ್ರಯೋಡ್ ಟ್ಯೂಬುಗಳು, ಅಂದ್ರೆ ಮೇಲೆ ಹೇಳಿದ ಮೂರು ಭಾಗದವು, ಸೇರಿಸೋದ್ರಲ್ಲಿ ದೊಡ್ಡ ಪಾಲು ಆ ಎರಡರಷ್ಟರದ್ದೇ, ಅಂದ್ರೆ ಅದೇ ಸ್ವರದ ಮೇಲಿನ ಸ್ಥಾಯಿ, ಹಾಗಾಗಿ ಕಿವಿಗೆ ಅದು ತಪ್ಪು ಅಂತ ಅನಿಸಲ್ಲ, ಸ್ವಲ್ಪ ತುಂಬಿಕೊಂಡ ಹಾಗೆ ಅನಿಸತ್ತೆ. ಒಂದೇ ವೀಣೆಗೆ ಈ ಲೆಕ್ಕ ಸರಿ, ಇಪ್ಪತ್ತು ವಾದ್ಯ ಒಟ್ಟಿಗೆ ನುಡಿದಾಗ ಅವುಗಳ ಕೂಡಿ ಕಳೆದ ಫ್ರೀಕ್ವೆನ್ಸಿಗಳೂ ಹುಟ್ಟಿಕೊಳ್ತವೆ, ಅವು ಯಾವ ಶ್ರುತಿಗೂ ಸೇರಿದ್ದಲ್ಲ, ಡಿಸ್ಟಾರ್ಷನ್ ಜಾಸ್ತಿ ಆದ್ರೆ ಸೌಂಡು ಕಲಸಿದ ಹಾಗಾಗತ್ತೆ.

ಮಾರೋರು ಬಾಯ್ಬಿಡದ ವಿಷಯ ಒಂದಿದೆ. ಒಳ್ಳೆ ಡಿಸೈನಿನ ಟ್ಯೂಬ್ ಪ್ರೀಆಂಪ್‌ನಲ್ಲಿ ಮಾಮೂಲಿ ವಾಲ್ಯೂಮಲ್ಲಿ ಈ ಡಿಸ್ಟಾರ್ಷನ್ 0.1 ಪರ್ಸೆಂಟ್‌ಗಿಂತಲೂ ಕಮ್ಮಿ ಇರಬಹುದು, ಆಗ ಅದು ಒಳ್ಳೆ ಟ್ರಾನ್ಸಿಸ್ಟರ್ ಪ್ರೀಆಂಪ್ ಹಾಗೇ ಕೇಳಿಸಿದ್ರೆ ಆಶ್ಚರ್ಯ ಪಡಬೇಕಿಲ್ಲ. ಜನ ಹೊಗಳೋ ಟ್ಯೂಬ್ ಸೌಂಡಿನ ದೊಡ್ಡ ಭಾಗ ಬರೋದು ಟ್ಯೂಬ್ ಪವರ್ ಆಂಪಿಂದ, ಅದು ಸ್ಪೀಕರ್ ಜೊತೆ ನಡ್ಕೊಳ್ಳೋ ರೀತಿಯಿಂದ. ಪ್ರೀಆಂಪ್ ಬದಲಾಯಿಸಿದ್ರೆ ಸಿಗೋ ವ್ಯತ್ಯಾಸ ಸಣ್ಣದು. ಹೋಲಿಸಿ ಕೇಳುವಾಗ ಎರಡರ ವಾಲ್ಯೂಮೂ ಒಂದೇ ಸಮ ಇರೋ ಹಾಗೆ ನೋಡ್ಕೊಳ್ಳಿ, ಯಾಕಂದ್ರೆ ಒಂದು ಕೂದಲೆಳೆ ಜೋರಾಗಿದ್ರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನತ್ತೆ, ಅಂಗಡಿಯೋರಿಗೆ ಇದು ಚೆನ್ನಾಗಿ ಗೊತ್ತು.

ಗೇನ್ ಎಷ್ಟು ಬೇಕು

ಗೇನ್ ಅಂದ್ರೆ ಒಳಗೆ ಬಂದ ಸಿಗ್ನಲ್ ಹೊರಗೆ ಹೋಗುವಾಗ ಎಷ್ಟು ಪಟ್ಟು ದೊಡ್ಡದಾಗತ್ತೆ ಅನ್ನೋ ಲೆಕ್ಕ. ಇದನ್ನ ಡೆಸಿಬೆಲ್‌ನಲ್ಲಿ ಬರೀತಾರೆ: 6 ಡೆಸಿಬೆಲ್ ಅಂದ್ರೆ ಹತ್ತತ್ರ ಎರಡು ಪಟ್ಟು, 12 ಅಂದ್ರೆ ನಾಲ್ಕು ಪಟ್ಟು, 20 ಅಂದ್ರೆ ಹತ್ತು ಪಟ್ಟು.

ಈಗ ನಿಮ್ಮನೆ ಲೆಕ್ಕ ಹಾಕಿ. ಸಿಡಿ ಪ್ಲೇಯರ್, ಡ್ಯಾಕ್ ಇವೆಲ್ಲಾ ಜೋರಾದ ಜಾಗದಲ್ಲಿ ಸುಮಾರು 2 ವೋಲ್ಟ್ ಕೊಡ್ತವೆ. ಪವರ್ ಆಂಪ್‌ನ ಮ್ಯಾನ್ಯುಯಲ್‌ನಲ್ಲಿ ಇನ್‌ಪುಟ್ ಸೆನ್ಸಿಟಿವಿಟಿ ಅಂತ ಒಂದು ಸಾಲು ಇರತ್ತೆ, ಪೂರ್ತಿ ಪವರ್ ಬರೋಕೆ ಎಷ್ಟು ವೋಲ್ಟ್ ಸಾಕು ಅಂತ, ಅದು 1 ವೋಲ್ಟ್ ಅಂತ ಇದೆ ಅನ್ನಿ. ಅಂದ್ರೆ ಸೋರ್ಸ್ ಕೊಡ್ತಿರೋದು ಆಗ್ಲೇ ಬೇಕಾದ್ದಕ್ಕಿಂತ ಎರಡರಷ್ಟು, ದೊಡ್ಡದು ಮಾಡೋ ಅವಶ್ಯಕತೆಯೇ ಇಲ್ಲ. ಇದರ ಮಧ್ಯೆ ಹತ್ತು ಪಟ್ಟಿನ ಪ್ರೀಆಂಪ್ ತಂದು ಕೂರಿಸಿದ್ರೆ 20 ವೋಲ್ಟ್‌ವರೆಗೆ ಹೋಗೋ ಸಿಗ್ನಲ್‌ನ ಇಪ್ಪತ್ತರಲ್ಲಿ ಒಂದಕ್ಕೆ ಹಿಡಿದಿಡೋ ಕೆಲಸ ವಾಲ್ಯೂಮ್ ತಿರುಗಣೆಗೆ ಬೀಳತ್ತೆ. ಆಗ ಏನಾಗತ್ತೆ ಅಂದ್ರೆ ತಿರುಗಣೆ ಶುರುವಿನ ಸ್ವಲ್ಪ ಜಾಗದಲ್ಲೇ ಮನೆಯೆಲ್ಲಾ ಸೌಂಡು, ಅದಕ್ಕಿಂತ ಮೇಲೆ ಹೋಗೋ ಹಾಗಿಲ್ಲ, ಮತ್ತೆ ಸಾಧಾರಣ ವಾಲ್ಯೂಮ್ ತಿರುಗಣೆಗಳಲ್ಲಿ ಆ ಶುರುವಿನ ಜಾಗದಲ್ಲೇ ಎಡ ಬಲ ಸಮ ಇರಲ್ಲ, ಹಾಡೋರು ಒಂದು ಪಕ್ಕಕ್ಕೆ ಸರಿದು ಕೂತ ಹಾಗೆ ಕೇಳಿಸತ್ತೆ. ಇನ್ನೊಂದು ಕಾಟ ಸುಯ್ ಅನ್ನೋ ಸದ್ದು. ಬಹಳಷ್ಟು ಪ್ರೀಆಂಪುಗಳಲ್ಲಿ ವಾಲ್ಯೂಮ್ ತಿರುಗಣೆ ಟ್ಯೂಬಿಗಿಂತ ಮುಂಚೆ ಇರತ್ತೆ, ಹಾಗಾಗಿ ಟ್ಯೂಬಿನ ಸ್ವಂತ ಸುಯ್ ಸದ್ದನ್ನ ತಿರುಗಣೆ ಮುಟ್ಟೋಕೇ ಆಗಲ್ಲ, ವಾಲ್ಯೂಮ್ ಸೊನ್ನೆಗೆ ತಂದ್ರೂ ಅದು ಅಷ್ಟೇ ಇರತ್ತೆ.

ಟ್ಯೂಬಿನ ಹೆಸರು ನೋಡಿಯೇ ಗೇನ್ ಒಂದಿಷ್ಟು ಊಹಿಸಬಹುದು. 12ಎಎಕ್ಸ್7ಗೆ ವರ್ಧನಾಂಕ (ಟ್ಯೂಬ್ ಹೆಚ್ಚೆಂದ್ರೆ ಎಷ್ಟು ಪಟ್ಟು ದೊಡ್ಡದು ಮಾಡಬಲ್ಲದು ಅನ್ನೋ ಅಂಕಿ) 100, 12ಎಟಿ7ಗೆ 60, 6ಡಿಜೆ8ಗೆ 33, 12ಎಯು7 ಮತ್ತು 6ಎಸ್‌ಎನ್7ಗೆ 20ರ ಆಸುಪಾಸು. ಸರ್ಕ್ಯೂಟ್‌ನಲ್ಲಿ ಕೂತ ಮೇಲೆ ಸಿಗೋದು ಇದಕ್ಕಿಂತ ಕಮ್ಮಿ. ಡ್ಯಾಕ್, ಸಿಡಿ ಕೇಳೋರಿಗೆ ಕೊನೆಯ ಎರಡೇ ಹೊಂದಿಕೊಳ್ಳೋದು, ಒಟ್ಟು ಗೇನ್ 6ರಿಂದ 12 ಡೆಸಿಬೆಲ್ ಇದ್ರೆ ಧಾರಾಳ. ಯುರೋಪಿನ ಹೆಸರಲ್ಲಿ ಇವೇ ಇಸಿಸಿ83, ಇಸಿಸಿ81, ಇಸಿಸಿ88, ಇಸಿಸಿ82 ಅಂತ ಸಿಗ್ತವೆ, 6ಎಸ್‌ಎನ್7 ಮಾತ್ರ ಎಂಟು ಪಿನ್ನಿನ ದಪ್ಪ ಟ್ಯೂಬು, ಮಿಕ್ಕವು ಒಂಬತ್ತು ಪಿನ್ನಿನ ಸಣ್ಣವು. ಒಂಬತ್ತು ಪಿನ್ ಇದೆ ಅಂತ ಒಂದರ ಜಾಗಕ್ಕೆ ಇನ್ನೊಂದನ್ನ ತುರುಕೋಕೆ ಹೋಗ್ಬೇಡಿ, 12ಎಎಕ್ಸ್7 ಗುಂಪಿನದ್ದಕ್ಕೂ 6ಡಿಜೆ8ಗೂ ಹೀಟರ್ ಪಿನ್ನುಗಳ ಜೋಡಣೆಯೇ ಬೇರೆ.

ಗೇನ್ ಬೇಡವೇ ಬೇಡ ಅನ್ನೋರಿಗೆ ಬಫರ್ ಅಂತ ಒಂದು ಬಗೆ ಇದೆ. ಅದು ಸಿಗ್ನಲ್‌ನ ದೊಡ್ಡದು ಮಾಡಲ್ಲ, ನಿಜ ಹೇಳ್ಬೇಕಂದ್ರೆ ಒಂದು ಚೂರು ಚಿಕ್ಕದೇ ಮಾಡತ್ತೆ, ಆದ್ರೆ ಮುಂದಿನ ಡಬ್ಬಿಯನ್ನ ಆರಾಮಾಗಿ ತಳ್ಳತ್ತೆ. ತಳ್ಳೋದು ಅಂದ್ರೆ ಏನು ಅಂತ ಈಗ ನೋಡೋಣ.

ಇಂಪೀಡೆನ್ಸ್: ಬಾಸ್ ಕಳೆದುಹೋಗೋದು ಇಲ್ಲೇ

ಮಂಡ್ಯದ ನನ್ನ ಸ್ನೇಹಿತ ಒಬ್ಬ ಆಸೆಪಟ್ಟು ಟ್ಯೂಬ್ ಪ್ರೀಆಂಪ್ ತರಿಸ್ದ. ಪವರ್ ಆಂಪ್ ಚಿಕ್ಕ ಕ್ಲಾಸ್ ಡಿ (ಕಮ್ಮಿ ಬಿಸಿ ಆಗೋ ಒಂದು ಬಗೆಯ ಟ್ರಾನ್ಸಿಸ್ಟರ್ ಆಂಪ್), ಮೊದಲಿಂದ ಇದ್ದಿದ್ದೇ. ಸಿಗಿಸಿದ ರಾತ್ರಿನೇ ಫೋನು: "ಬಾಸೇ ಹೊಂಟೋಯ್ತು ಕಣ್ಲಾ, ಮೃದಂಗದಲ್ಲಿ ಗುಮ್ಕಿನೇ ಕೇಳ್ತಿಲ್ಲ, ಟ್ಯೂಬ್ ಹೋಗೈತಾ ಹೆಂಗೆ?" ಟ್ಯೂಬ್ ಸರಿಯಾಗೇ ಇತ್ತು. ಪ್ರೀಆಂಪೂ ಸರಿಯಾಗೇ ಇತ್ತು. ಎರಡಕ್ಕೂ ಹೊಂದಾಣಿಕೆ ಇರಲಿಲ್ಲ ಅಷ್ಟೇ.

ಪ್ರತಿ ಪ್ರೀಆಂಪ್‌ಗೂ ಔಟ್‌ಪುಟ್ ಇಂಪೀಡೆನ್ಸ್ ಅಂತ ಒಂದು ಅಂಕಿ ಇರತ್ತೆ, ಪ್ರತಿ ಪವರ್ ಆಂಪ್‌ಗೂ ಇನ್‌ಪುಟ್ ಇಂಪೀಡೆನ್ಸ್ ಅಂತ ಇನ್ನೊಂದು, ಎರಡನ್ನೂ ಓಮ್‌ನಲ್ಲಿ ಬರೀತಾರೆ. ಮೊದಲನೇದು ಕೊಡೋ ಕಡೆಯ ಅಡ್ಡಿ, ಕಮ್ಮಿ ಇದ್ದಷ್ಟೂ ಒಳ್ಳೇದು. ಎರಡನೇದು ತಗೊಳ್ಳೋ ಕಡೆಯದ್ದು, ಜಾಸ್ತಿ ಇದ್ದಷ್ಟೂ ಅದು ಪ್ರೀಆಂಪ್‌ನ ಕಮ್ಮಿ ಜಗ್ಗತ್ತೆ. ಪವರ್ ಆಂಪ್‌ನದ್ದು ಪ್ರೀಆಂಪ್‌ನದ್ದರ ಹತ್ತು ಪಟ್ಟಾದ್ರೂ ಇರಬೇಕು ಅನ್ನೋದು ರೂಢಿ. ಟ್ಯೂಬ್ ಪವರ್ ಆಂಪುಗಳಲ್ಲಿ ಇದು ಸಾಮಾನ್ಯವಾಗಿ 1 ಲಕ್ಷ ಓಮ್ ಇರತ್ತೆ, ಯಾವ ಪ್ರೀಆಂಪ್ ಹಾಕಿದ್ರೂ ನಡೆಯತ್ತೆ. ಟ್ರಾನ್ಸಿಸ್ಟರ್ ಆಂಪುಗಳಲ್ಲಿ 20 ಸಾವಿರದಿಂದ 47 ಸಾವಿರ. ಕೆಲವು ಕ್ಲಾಸ್ ಡಿ ಆಂಪುಗಳಲ್ಲಿ, ಸ್ಟುಡಿಯೋ ಸಾಮಾನುಗಳಲ್ಲಿ 10 ಸಾವಿರ. ತೊಂದರೆ ಬರೋದು ಈ ಕೊನೇದ್ರಲ್ಲಿ.

ಯಾಕೆ ಬಾಸ್ ಮಾತ್ರ ಹೋಗೋದು ಅಂದ್ರೆ, ಟ್ಯೂಬಿನ ಪ್ಲೇಟಿನಲ್ಲಿರೋ ನೂರಾರು ವೋಲ್ಟ್ ಪವರ್ ಆಂಪ್‌ಗೆ ನುಗ್ಗಬಾರದು ಅಂತ ಔಟ್‌ಪುಟ್ ದಾರೀಲಿ ಒಂದು ಕೆಪಾಸಿಟರ್ ಇಡ್ತಾರೆ. ಅದು ಆ ಅಲುಗದೇ ನಿಂತ ವೋಲ್ಟೇಜನ್ನ, ಅಂದ್ರೆ ಡಿಸಿಯನ್ನ, ತಡೆದು ಹಾಡನ್ನ ಬಿಡತ್ತೆ. ಆದ್ರೆ ಫ್ರೀಕ್ವೆನ್ಸಿ ಇಳೀತಾ ಇಳೀತಾ ಅದು ಹಾಡನ್ನೂ ತಡೆಯೋಕೆ ಶುರು ಮಾಡತ್ತೆ, ಎಲ್ಲಿಂದ ಶುರು ಅನ್ನೋದು ಆ ಕೆಪಾಸಿಟರ್ ಎಷ್ಟು ದೊಡ್ಡದು, ಪವರ್ ಆಂಪ್‌ನ ಇಂಪೀಡೆನ್ಸ್ ಎಷ್ಟು ಅನ್ನೋದರ ಮೇಲೆ. 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದು ಆಂಪ್ 47 ಸಾವಿರ ಓಮ್ ಇದ್ರೆ ಆ ಗಡಿ 7 ಹರ್ಟ್ಸ್, ಕಿವಿಗೆ ಕೇಳಿಸೋದೇ 20ರಿಂದ ಮೇಲೆ, ಏನೂ ತೊಂದರೆ ಇಲ್ಲ. ಅದೇ ಕೆಪಾಸಿಟರ್, ಆಂಪ್ 10 ಸಾವಿರ ಓಮ್, ಗಡಿ 34ಕ್ಕೆ ಏರತ್ತೆ. ಕೆಪಾಸಿಟರ್ 0.22 ಆಗಿದ್ರೆ 72 ಹರ್ಟ್ಸ್, ಅಂದ್ರೆ ಡಗ್ಗ, ಮೃದಂಗದ ಎಡಗಡೆ, ಬಾಸ್ ಗಿಟಾರು ಇವುಗಳ ಬುಡಾನೇ ಸವೆದ ಹಾಗೆ. ಸ್ನೇಹಿತನ ಮನೇಲಿ ಆಗಿದ್ದು ಇದೇ. ಅವನ ಆಂಪ್ 10 ಸಾವಿರದ್ದು. ಆ ಪ್ರೀಆಂಪ್ ಈಗ ಮೈಸೂರಲ್ಲಿ ಅವನ ಭಾವನ ಮನೇಲಿ ಹಳೇ 47 ಸಾವಿರದ ಆಂಪ್ ಜೊತೆ ಚೆನ್ನಾಗಿ ಹಾಡ್ತಿದೆ.

ಒಂದೇ ಪ್ರೀಆಂಪಿಂದ ಪವರ್ ಆಂಪಿಗೂ ಸಬ್‌ವೂಫರಿಗೂ ಎರಡು ಕಡೆ ತೆಗೆಯೋರು ಇನ್ನೂ ಹುಷಾರಾಗಿರಿ. 47 ಸಾವಿರದ ಆಂಪೂ 10 ಸಾವಿರದ ಸಬ್‌ವೂಫರೂ ಒಟ್ಟಿಗೆ ಸೇರಿದ್ರೆ ಪ್ರೀಆಂಪ್‌ಗೆ ಕಾಣೋದು 8 ಸಾವಿರ ಚಿಲ್ಲರೆ ಮಾತ್ರ. ಇಂಥ ಕಡೆ ಬಫರ್ ಥರದ ಔಟ್‌ಪುಟ್ ಇರೋದು, ಅಂದ್ರೆ ಕ್ಯಾಥೋಡ್ ಫಾಲೋವರ್ ಅಂತ ಬರೆದಿರೋದು, ಕೆಲವು ನೂರು ಓಮ್ ಮಾತ್ರ ಔಟ್‌ಪುಟ್ ಇಂಪೀಡೆನ್ಸ್ ಇರೋದನ್ನ ನೋಡಿ, ಔಟ್‌ಪುಟ್ ಕೆಪಾಸಿಟರ್ ಎಷ್ಟರದ್ದು ಅಂತಾನೂ ಕೇಳಿ. ಈ ಎರಡು ಅಂಕಿ ಹೇಳೋಕೆ ಬರದ ಮಾರಾಟಗಾರನ ಹತ್ರ ನಾನಂತೂ ತಗೊಳ್ಳಲ್ಲ.

12 ವೋಲ್ಟ್ ಅಡಾಪ್ಟರಿನ ಟ್ಯೂಬ್ ಡಬ್ಬಿಗಳು

ಟ್ಯೂಬ್ ಸರಿಯಾಗಿ ಕೆಲಸ ಮಾಡೋಕೆ ಪ್ಲೇಟ್‌ಗೆ 150ರ ಮೇಲೆ ವೋಲ್ಟೇಜ್ ಬೇಕು ಅಂದ್ನಲ್ಲ, ಅದಕ್ಕೆ ಟ್ರಾನ್ಸ್‌ಫಾರ್ಮರ್ರು, ಹೈ ವೋಲ್ಟೇಜ್ ಕೆಪಾಸಿಟರ್ರು, ಗಟ್ಟಿ ಪೆಟ್ಟಿಗೆ ಎಲ್ಲಾ ಬೇಕಾಗತ್ತೆ. ಖರ್ಚು ಇರೋದೇ ಅಲ್ಲಿ. ಅಗ್ಗದ ಕೆಲವು ಡಬ್ಬಿಗಳಲ್ಲಿ ಟ್ಯೂಬಿಗೆ 12 ವೋಲ್ಟೋ 24 ವೋಲ್ಟೋ ಕೊಟ್ಟು ಸುಮ್ಮನಾಗ್ತಾರೆ, ಕಟ್ಟೇಲಿ ನೀರಿಲ್ಲದ ತೂಬು ಅಂದಿದ್ದು ಇದಕ್ಕೇ. ಸಿಗ್ನಲ್ ಸ್ವಲ್ಪ ದೊಡ್ಡದಾದ್ರೂ ಟ್ಯೂಬ್ ಸುಸ್ತಾಗಿ ಡಿಸ್ಟಾರ್ಷನ್ ಕೊಡತ್ತೆ, ಅದನ್ನೇ ವಾರ್ಮ್ ಅಂತ ಮಾರ್ತಾರೆ. ಇನ್ನು ಕೆಲವದರಲ್ಲಿ ನಿಜವಾದ ಕೆಲಸ ಮಾಡೋದು ಪಕ್ಕದ ಐಸಿ ಚಿಪ್ಪು, ಟ್ಯೂಬ್ ಹೆಸರಿಗಷ್ಟೇ, ಬೆಳಕು ಬರೋದು ಸಾಕೆಟ್ ಕೆಳಗಿಟ್ಟಿರೋ ಎಲ್‌ಇಡಿಯಿಂದ. ಪತ್ತೆ ಹಚ್ಚೋದು ಕಷ್ಟ ಏನಲ್ಲ: ನಿಜವಾದ ಹೀಟರ್ ಬೆಳಕು ಕ್ಯಾಥೋಡ್ ಕೊಳವೆಯ ತುದಿಯಲ್ಲಿ ಮಾತ್ರ ಮಂದವಾಗಿ ಕಾಣತ್ತೆ, ಆನ್ ಮಾಡಿದ ಮೇಲೆ ನಿಧಾನಕ್ಕೆ ಏರತ್ತೆ. ಸ್ವಿಚ್ ಹಾಕಿದ ತಕ್ಷಣ ಕೆಳಗಿಂದ ಇಡೀ ಗಾಜು ಬೆಳಗಿದ್ರೆ ಅದು ಎಲ್‌ಇಡಿ.

ಅಡಾಪ್ಟರ್ ಇದೆ ಅಂದ ಮಾತ್ರಕ್ಕೆ ಎಲ್ಲಾ ಮೋಸ ಅಂತ ಅಲ್ಲ. ಕೆಲವರು ಒಳಗೆ ಒಂದು ಸಣ್ಣ ಸರ್ಕ್ಯೂಟ್ ಇಟ್ಟು 12 ವೋಲ್ಟ್‌ನ ಮೇಲಕ್ಕೆ ಏರಿಸ್ತಾರೆ, ಅದು ಸರಿಯಾದ ವಿಧಾನಾನೇ. ಹಾಗಾಗಿ ಅಡಾಪ್ಟರ್ ನೋಡಿ ತೀರ್ಮಾನ ಮಾಡೋ ಬದಲು ಪ್ಲೇಟ್ ವೋಲ್ಟೇಜ್ ಎಷ್ಟು ಅಂತ ಕೇಳಿ.

ನಮ್ಮ ಕಡೆ ಕರೆಂಟು, ಅರ್ಥಿಂಗ್

ಹೀಟರ್‌ಗೆ ಬೇಕಾದ್ದು 6.3 ವೋಲ್ಟ್, ಹತ್ತು ಪರ್ಸೆಂಟ್ ಆಚೀಚೆ ಆದ್ರೆ ಪರವಾಗಿಲ್ಲ. ಊರಲ್ಲಿ 230 ವೋಲ್ಟ್ ಸರಿಯಾಗಿ ಬರ್ತಿದ್ರೆ ಯೋಚನೆ ಇಲ್ಲ. ಮಂಡ್ಯದ ಹಳ್ಳಿಗಳ ಕಡೆ ಪಂಪ್‌ಸೆಟ್ ಎಲ್ಲಾ ಒಟ್ಟಿಗೆ ಓಡೋ ಹೊತ್ತಲ್ಲಿ 190ಕ್ಕೆ ಇಳೀತು ಅಂದ್ಕೊಳ್ಳಿ, ಮಾಮೂಲಿ ಟ್ರಾನ್ಸ್‌ಫಾರ್ಮರ್ ಇರೋ ಪ್ರೀಆಂಪ್‌ನಲ್ಲಿ ಹೀಟರ್‌ಗೆ ಸಿಗೋದು 5.2 ವೋಲ್ಟ್ ಮಾತ್ರ, ಕ್ಯಾಥೋಡ್ ಸರಿಯಾಗಿ ಕಾಯಲ್ಲ. 260ಕ್ಕೆ ಏರಿದ್ರೆ 7.1, ಆಗ ಟ್ಯೂಬಿನ ಆಯಸ್ಸು ಸವೆಯತ್ತೆ. ಹೀಟರ್ ಸಪ್ಲೈ ರೆಗ್ಯುಲೇಟೆಡ್ (ಕರೆಂಟ್ ಏರಿಳಿದ್ರೂ ವೋಲ್ಟೇಜ್ ಒಂದೇ ಸಮ ಇಡೋದು) ಅಂತ ಬರೆದಿರೋದು ಈ ಕಾರಣಕ್ಕೆ ನಮ್ಮ ಕಡೆಗೆ ಒಳ್ಳೇದು, ಇಲ್ಲದಿದ್ರೆ ಒಂದು ಸ್ಟೆಬಿಲೈಜರ್ ಇಟ್ಕೊಳ್ಳಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಓಡಿಸಿದ್ರೆ ಟ್ರಾನ್ಸ್‌ಫಾರ್ಮರ್ ಗುಯ್‌ಗುಡತ್ತೆ.

ಅಮೆರಿಕಾದಲ್ಲಿರೋ ಮಗ ಕಳಿಸ್ತೀನಿ ಅಂದ ಅಂತ ಅಲ್ಲಿಂದ ತರಿಸೋರು ನೋಡ್ಕೊಳ್ಳಿ, ಅಲ್ಲಿಯದ್ದು 120 ವೋಲ್ಟ್, ಜಪಾನಿನದ್ದು 100 ವೋಲ್ಟ್. ಇಲ್ಲಿ ನೇರ ಸಿಗಿಸಿದ್ರೆ ಅಲ್ಲಿಗೆ ಮುಗೀತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, 60 ಹರ್ಟ್ಸ್‌ಗೆ ಮಾತ್ರ ಮಾಡಿದ್ದಾದ್ರೆ ನಮ್ಮ 50 ಹರ್ಟ್ಸ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಬಿಸಿಯೂ ಜಾಸ್ತಿ ಆಗತ್ತೆ.

ಸ್ಪೀಕರಲ್ಲಿ ಹೂಂ ಅಂತ ಸದ್ದು ಬಂದ್ರೆ ಬಹಳಷ್ಟು ಸಲ ಕಾರಣ ಎರಡು ಡಬ್ಬಿಗಳು ಬೇರೆ ಬೇರೆ ದಾರೀಲಿ ಅರ್ಥ್ ಆಗಿರೋದು. ಎಲ್ಲವನ್ನೂ ಒಂದೇ ಬೋರ್ಡಿನ ಸಾಕೆಟ್ಟುಗಳಿಗೆ ಸಿಗಿಸಿ ನೋಡಿ. ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕಿ ಸದ್ದು ನಿಲ್ಲಿಸಿದೆ ಅನ್ನೋರು ಸಿಗ್ತಾರೆ, ಅವರ ಮಾತು ಕೇಳ್ಬೇಡಿ. ಒಳಗೆ 300 ವೋಲ್ಟ್ ಇರೋ ಲೋಹದ ಪೆಟ್ಟಿಗೆ ಅದು, ಏನಾದ್ರೂ ಬಿಟ್ಟುಹೋದ್ರೆ ನಿಮ್ಮ ಜೀವ ಕಾಯೋದು ಆ ಪಿನ್ನು ಒಂದೇ.

ರೆಕಾರ್ಡ್ ಹಾಕೋರಿಗೆ

ಟರ್ನ್‌ಟೇಬಲ್‌ನ ಸೂಜಿಯಿಂದ ಬರೋ ಸಿಗ್ನಲ್ ತೀರಾ ಸಣ್ಣದು. ಸೂಜಿ ಕೂರೋ ತಲೆಭಾಗಕ್ಕೆ ಕಾರ್ಟ್ರಿಜ್ ಅಂತಾರೆ, ಅದು ಮೂವಿಂಗ್ ಮ್ಯಾಗ್ನೆಟ್ ಬಗೆ ಆದ್ರೆ ಸುಮಾರು 5 ಮಿಲಿವೋಲ್ಟ್, ಮೂವಿಂಗ್ ಕಾಯಿಲ್ ಆದ್ರೆ ಅದರ ಹತ್ತರಲ್ಲಿ ಒಂದಕ್ಕಿಂತಲೂ ಕಮ್ಮಿ ಇರಬಹುದು. ಜೊತೆಗೆ ರೆಕಾರ್ಡ್ ಕೊರೆಯುವಾಗ ಬಾಸ್ ಇಳಿಸಿ ಮೇಲಿನ ಸ್ವರಗಳನ್ನ ಏರಿಸಿರ್ತಾರೆ, ನುಡಿಸುವಾಗ ಅದನ್ನ ತಿರುಗಾ ಮುರುಗಾ ಮಾಡ್ಬೇಕು, ಆ ಲೆಕ್ಕಕ್ಕೆ ಆರ್‌ಐಎಎ ಅಂತ ಹೆಸರು, 1954ರಿಂದ ಚಾಲ್ತಿಯಲ್ಲಿದೆ. ಈ ಎರಡೂ ಕೆಲಸ ಮಾಡೋದು ಫೋನೋ ಸ್ಟೇಜ್. ಎಲ್ಲಾ ಪ್ರೀಆಂಪಲ್ಲೂ ಅದು ಇರಲ್ಲ, "ಲೈನ್ ಪ್ರೀಆಂಪ್" ಅಂತ ಬರೆದಿದ್ರೆ ಇಲ್ಲ ಅಂತಾನೇ ಅರ್ಥ. ಕೆಲವು ಟರ್ನ್‌ಟೇಬಲ್ ಒಳಗೇ ಇಟ್ಟಿರ್ತಾರೆ, ಹಿಂದೆ ಸ್ವಿಚ್ ಇದೆಯಾ ನೋಡಿ. ನೂರು ಪಟ್ಟು ಗೇನ್ ಬೇಕಾಗೋದು ಇಲ್ಲಿ, ಹಾಗಾಗಿ 12ಎಎಕ್ಸ್7ಗೆ ಸರಿಯಾದ ಜಾಗ ಇದೇ.

ತಾತನ ಪೆಟ್ಟಿಗೇಲಿ 78 ಆರ್‌ಪಿಎಂನ ಅರಗಿನ ರೆಕಾರ್ಡ್ ಸಿಕ್ಕಿದ್ರೆ ಎಲ್‌ಪಿ ಸೂಜಿಯಲ್ಲಿ ಹಾಕ್ಬೇಡಿ, ಅದರ ಗೆರೆ ಅಗಲ, ಬೇರೆ ದಪ್ಪ ಸೂಜಿ ಬೇಕು.

ಕೊನೆಗೆ ಟ್ಯೂಬ್ ಕಂಪನಿ

ಈಗ ಹೊಸ ಟ್ಯೂಬು ತಯಾರಾಗೋದು ಮುಖ್ಯವಾಗಿ ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಟೋವ್‌ನ ಕಾರ್ಖಾನೆ, ಮತ್ತೆ ಚೈನಾ. ಇವೇ ಸಾಕು. ಹಳೇ ಸ್ಟಾಕ್ ಅಂತ ಇಂಗ್ಲೆಂಡಿನ ಮುಲ್ಲಾರ್ಡ್, ಜರ್ಮನಿಯ ಟೆಲಿಫುಂಕನ್ ಟ್ಯೂಬುಗಳಿಗೆ ಬಾಯಿಗೆ ಬಂದ ರೇಟ್ ಹೇಳ್ತಾರೆ, ಅದರಲ್ಲಿ ಹೆಸರು ಅಚ್ಚು ಹಾಕಿದ ನಕಲಿಗಳೂ ಓಡಾಡ್ತವೆ. ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲಕ್ಕೆ ಇಸಿಸಿ83 ಥರದ ವಾಲ್ವುಗಳನ್ನ ಮಾಡ್ತಿತ್ತು, ಹಳೇ ರೇಡಿಯೋ ರಿಪೇರಿಯವರ ಡಬ್ಬದಲ್ಲಿ ಈಗಲೂ ಸಿಕ್ಕರೆ ಸಿಗಬಹುದು, ಟೆಸ್ಟ್ ಮಾಡಿಸಿ ತಗೊಳ್ಳಿ. ಪ್ರೀಆಂಪ್ ಟ್ಯೂಬು ಸಾಮಾನ್ಯವಾಗಿ 5 ಸಾವಿರ ಗಂಟೆ ಆರಾಮಾಗಿ ಬರತ್ತೆ, ದಿನಕ್ಕೆ ಮೂರು ಗಂಟೆ ಕೇಳಿದ್ರೂ ನಾಲ್ಕು ವರ್ಷದ ಮೇಲೆ.

ತಗೊಳ್ಳೋ ದಿನ

ಸಾಧ್ಯ ಆದ್ರೆ ನಿಮ್ಮ ಪವರ್ ಆಂಪನ್ನೇ ಕಂಕುಳಲ್ಲಿ ಇಟ್ಕೊಂಡು ಹೋಗಿ, ಅಥವಾ ಪ್ರೀಆಂಪ್‌ನ ಮನೆಗೆ ತಂದು ಕೇಳೋಕೆ ಬಿಡ್ತಾರಾ ಕೇಳಿ. ಹಾಡು ಹಾಕೋ ಮುಂಚೆ ಸುಮ್ಮನೆ ಆನ್ ಮಾಡಿ ಐದು ನಿಮಿಷ ಬಿಡಿ. ಸ್ಪೀಕರ್ ಹತ್ರ ಕಿವಿ ಇಟ್ಟಾಗ ಸಣ್ಣಗೆ ಸುಯ್ ಅಂದ್ರೆ ಸಹಜ, ಕೂತ ಜಾಗಕ್ಕೆ ಕೇಳಿಸಿದ್ರೆ ಬೇಡ. ಪೆನ್ಸಿಲ್ಲಿನ ರಬ್ಬರ್ ಇರೋ ತುದಿಯಿಂದ ಟ್ಯೂಬ್‌ಗೆ ಮೆಲ್ಲಗೆ ತಟ್ಟಿ, ಸ್ಪೀಕರಲ್ಲಿ ಟಿಂಗ್ ಅಂತ ಜೋರಾಗಿ ಮೊಳಗಿದ್ರೆ ಆ ಟ್ಯೂಬು ಅಲುಗಾಟವನ್ನೇ ಸದ್ದು ಮಾಡ್ತಿದೆ ಅಂತ, ಬದಲಾಯಿಸಿ ಕೊಡಿ ಅನ್ನಿ. ವಾಲ್ಯೂಮ್ ಪೂರ್ತಿ ಸುತ್ತಿ ನೋಡಿ ಕರಕರ ಅನ್ನತ್ತಾ ಅಂತ. ಸೆಕೆಂಡ್ ಹ್ಯಾಂಡ್ ಆದ್ರೆ ವೋಲ್ಟೇಜ್ ಸೆಲೆಕ್ಟರ್ 230ಕ್ಕೆ ಇದೆಯಾ ಅಂತ ಪ್ಲಗ್ ಹಾಕೋ ಮುಂಚೆನೇ ನೋಡಿ. ಮುಚ್ಚಳ ಬಿಚ್ಚಿ ಇಣುಕೋ ಆಸೆ ಬೇಡ, ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳ್ಕೊಂಡಿರತ್ತೆ.

ಮನೇಲಿ ಆನ್ ಮಾಡುವಾಗ ಮೊದಲು ಪ್ರೀಆಂಪ್, ಅರ್ಧ ನಿಮಿಷ ಬಿಟ್ಟು ಪವರ್ ಆಂಪ್. ಆಫ್ ಮಾಡುವಾಗ ಮೊದಲು ಪವರ್ ಆಂಪ್. ಉಲ್ಟಾ ಮಾಡಿದ್ರೆ ಧಡ್ ಅಂತ ಒಂದು ಹೊಡೆತ ಸ್ಪೀಕರ್‌ಗೆ ಬೀಳತ್ತೆ. ಮೇಲೆ ಬಟ್ಟೆ, ರೆಕಾರ್ಡ್ ಕವರ್ ಏನೂ ಹೊದಿಸ್ಬೇಡಿ, ಬಿಸಿ ಮೇಲಕ್ಕೆ ಹೋಗೋಕೆ ಜಾಗ ಬೇಕು. ನಾಲ್ಕು 6ಎಸ್‌ಎನ್7 ಇರೋ ಪ್ರೀಆಂಪ್ ಆದ್ರೆ ಹೀಟರ್‌ಗಳೇ 15 ವ್ಯಾಟ್ ತಿಂತವೆ, ಹಾಡು ಇದ್ರೂ ಅಷ್ಟೇ ಇಲ್ಲದಿದ್ರೂ ಅಷ್ಟೇ, ಹಾಗಾಗಿ ಸೆಟ್‌ಟಾಪ್ ಬಾಕ್ಸ್ ಥರ ಇಡೀ ದಿನ ಆನಲ್ಲೇ ಬಿಡ್ಬೇಡಿ.